ಜರ್ಮನಿಗೆ ಪಾರ್ಸೆಲ್ ಕಳಿಸ್ತೀರಾ? ರಟ್ಟಿನ ಡಬ್ಬಕ್ಕೂ ಲೆಕ್ಕ ಕೊಡಿ

ಚನ್ನಪಟ್ಟಣದ ಬೊಂಬೆ, ಕೊಡಗಿನ ಕಾಫಿಯನ್ನು ಆನ್‌ಲೈನ್‌ನಲ್ಲಿ ಯುರೋಪಿಗೆ ಮಾರುವವರು ಕಸ್ಟಮ್ಸ್ ಕಾಗದಪತ್ರದಲ್ಲಿ ತಪ್ಪುವುದು ಕಡಿಮೆ. ಎಡವುವುದು ಡಬ್ಬದ ವಿಷಯದಲ್ಲಿ. ಆ ಡಬ್ಬ ಅಲ್ಲಿ ಕಸವಾದಾಗ ಅದನ್ನು ಎತ್ತಿ ಮರುಬಳಕೆ ಮಾಡುವ ಖರ್ಚು ಮಾರಿದವರ ತಲೆಗೆ. ನಿಯಮ ಮಾತ್ರ ದೇಶಕ್ಕೊಂದು.

ಮೊದಲು, ಹೊಣೆ ನಿಮ್ಮದೇನಾ ನೋಡಿ. ಅಲ್ಲಿನ ಆಮದುದಾರರು ತರಿಸಿಕೊಂಡು ಮಾರಿದರೆ ಸಾಮಾನ್ಯವಾಗಿ ಅವರದ್ದು. ನೀವೇ ಗ್ರಾಹಕರ ಮನೆಗೆ ಕಳಿಸಿದರೆ ನಿಮ್ಮದು.

ಎರಡನೆಯದು ತೂಕ. ಡಬ್ಬ, ಒಳಗೆ ತುರುಕಿದ ಕಾಗದ, ಟೇಪು, ಎಲ್ಲವೂ ಲೆಕ್ಕಕ್ಕೆ. ಕಾಗದ, ಪ್ಲಾಸ್ಟಿಕ್, ಗಾಜು ಬೇರೆ ಬೇರೆ ತೂಗಿ.

ಮೂರನೆಯದು ಜರ್ಮನಿ. ಜಾಸ್ತಿ ಜನ ಕೆಡಿಸಿಕೊಳ್ಳುವುದು ಇಲ್ಲೇ. ಬ್ರಿಟನ್‌ನಲ್ಲಿ 10 ಲಕ್ಷ ಪೌಂಡ್ ವಹಿವಾಟು, 25 ಟನ್ ಪ್ಯಾಕಿಂಗ್ ದಾಟದ ಕಂಪನಿಗಳನ್ನು ಬಿಟ್ಟುಬಿಡುತ್ತಾರೆ. 2019ರಲ್ಲಿ ಜಾರಿಗೆ ಬಂದ ಜರ್ಮನ್ ಕಾನೂನಿನಲ್ಲಿ ಅಂಥ ರಿಯಾಯಿತಿ ಇಲ್ಲ. ಒಂದೇ ಪಾರ್ಸೆಲ್ ಆದರೂ ‘ಲೂಸಿಡ್’ ಅನ್ನುವ ಅಲ್ಲಿನ ಪ್ಯಾಕಿಂಗ್ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಅದಕ್ಕೆ ಶುಲ್ಕವಿಲ್ಲ, ನೀವೇ ಮಾಡಬೇಕು. ‘ಮಾಡಿಸಿಕೊಡ್ತೀವಿ’ ಅನ್ನುವ ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಲೂಸಿಡ್ ನಂಬರ್ ಬಂತು, ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಅರ್ಧವಷ್ಟೇ ಮುಗಿದಿರುತ್ತದೆ. ಆ ನಂಬರ್ ಹಿಡಿದು ಕಸ ಸಂಗ್ರಹಿಸುವ ‘ಡ್ಯುಯಲ್ ಸಿಸ್ಟಮ್’ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ವರ್ಷಕ್ಕೆ ಇಷ್ಟು ಕೆಜಿ ರಟ್ಟು, ಇಷ್ಟು ಪ್ಲಾಸ್ಟಿಕ್ ಅಂತ ಅಂದಾಜು ಕೊಟ್ಟು ಹಣ ಕಟ್ಟಬೇಕು. ಆಮೇಲೆ ಲೂಸಿಡ್‌ಗೆ ವಾಪಸ್ ಬಂದು ಅದೇ ಕಂಪನಿಯ ಹೆಸರು, ಅದೇ ತೂಕ ತುಂಬಬೇಕು. ಆ ಕಂಪನಿಯೂ ತನ್ನ ಲೆಕ್ಕ ಅಲ್ಲಿಗೇ ಕಳಿಸುತ್ತದೆ. ಅಲ್ಲಿ 12 ಕೆಜಿ, ಇಲ್ಲಿ 10 ಅಂತ ಬರೆದರೆ ಸಿಕ್ಕಿಬೀಳುತ್ತೀರಿ. ವರ್ಷ ಮುಗಿದ ಮೇಲೆ ನಿಜವಾದ ತೂಕವನ್ನೂ ಎರಡೂ ಕಡೆ ಕೊಡಬೇಕು. ಹೆಸರು ನೋಂದಾಯಿಸದಿದ್ದರೆ 1 ಲಕ್ಷ, ಒಪ್ಪಂದ ಇಲ್ಲದಿದ್ದರೆ 2 ಲಕ್ಷ ಯೂರೋವರೆಗೆ ದಂಡ. ದಂಡ ದೂರದ ಮಾತಾಯಿತು; 2022ರ ಜುಲೈಯಿಂದ ಆನ್‌ಲೈನ್ ಮಾರಾಟ ತಾಣಗಳೇ ಇದನ್ನೆಲ್ಲ ಪರಿಶೀಲಿಸಬೇಕು. ಸರಿಯಿಲ್ಲದಿದ್ದರೆ ನಿಮ್ಮ ಸರಕು ಅಲ್ಲಿ ಮಾರಾಟಕ್ಕೇ ಇರುವುದಿಲ್ಲ.

ಫ್ರಾನ್ಸ್‌ಗೆ ಪ್ಯಾಕಿಂಗ್ ಕಸದ ಹೊಣೆ ನೋಡಿಕೊಳ್ಳುವ ‘ಸಿಟಿಯೋ’ದಂಥ ಸಂಸ್ಥೆಯ ಸದಸ್ಯತ್ವ, ಗುರುತಿನ ಸಂಖ್ಯೆ, ಪೊಟ್ಟಣದ ಮೇಲೆ ಕಸ ವಿಂಗಡಿಸಲು ಹೇಳುವ ಟ್ರಿಮಾನ್ ಚಿಹ್ನೆ ಬೇಕು. ಇಟಲಿಗೆ ಪ್ಯಾಕಿಂಗ್ ಯಾವುದರಿಂದ ಮಾಡಿದ್ದು ಅನ್ನುವ ಕೋಡ್ ಬೇಕು. ರಟ್ಟಿನ ಡಬ್ಬಕ್ಕೆ ‘ಪಿಎಪಿ 20’ (PAP 20).

ಆಸ್ಟ್ರಿಯಾ ತಲೆನೋವು. 2023ರಿಂದ ಹೊರದೇಶದ ಮಾರಾಟಗಾರರು ಅಲ್ಲೊಬ್ಬ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕು, ಅದೂ ನೋಟರಿ ಮಾಡಿಸಿದ ಅಧಿಕಾರಪತ್ರದೊಂದಿಗೆ. ವರ್ಷಕ್ಕೆ ನಾಲ್ಕಾರು ಆರ್ಡರ್ ಬರುವುದಾದರೆ ಆಸ್ಟ್ರಿಯಾವನ್ನು ಪಟ್ಟಿಯಿಂದ ತೆಗೆದುಬಿಡಿ. ಇನ್ನು ‘ಇಡೀ ಯುರೋಪಿಗೆ ಒಂದೇ ನಂಬರ್’ ಅಂತ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ಕೊಳ್ಳಬೇಡಿ, ಅಂಥದ್ದೊಂದು ಇಲ್ಲವೇ ಇಲ್ಲ.