ಕೊಲೊನೋಸ್ಕೋಪಿಗೆ ಮೊದಲು ಯಾವ ಔಷಧಿ?

ಕಾಸರಗೋಡಿನಿಂದ ಮಂಗಳೂರಿಗೆ ಕೊಲೊನೋಸ್ಕೋಪಿಗೆ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವ ಪರೀಕ್ಷೆ) ಹೋಗುವವರಿಗೆ ಒಂದು ಮಾತು. ಹೊಟ್ಟೆ ತೊಳೆಯಲು ಹೆಚ್ಚಾಗಿ ಕೊಡುವುದು ಪೆಗ್ (ಪಾಲಿಇಥಿಲೀನ್ ಗ್ಲೈಕಾಲ್) ಎಂಬ ಭೇದಿ ಪುಡಿ. ಸಾಮಾನ್ಯವಾಗಿ 2 ಲೀಟರ್ ನೀರಿಗೆ ಕಲಸಿ ಕುಡಿಯಬೇಕು. ಕುಡಿಯುವುದೇ ಕಷ್ಟ, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದರೆ ರುಚಿ ಅಷ್ಟು ಕಾಡುವುದಿಲ್ಲ. ಸೋಡಿಯಂ ಫಾಸ್ಫೇಟ್ ಎಂಬ ಇನ್ನೊಂದು ಭೇದಿ ಔಷಧಿ ಸ್ವಲ್ಪ ಕುಡಿದರೆ ಸಾಕು ನಿಜ, ಆದರೆ ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಅದು ಅಪಾಯ. ಸುಮ್ನೆ ಅಂಗಡಿಯಿಂದ ತರಬೇಡಿ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ ಇದ್ದರೂ ಡಾಕ್ಟರಿಗೆ ಮೊದಲೇ ಹೇಳಿ.

ಪೆಗ್ ನೀರನ್ನು ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಕುಡಿದರೆ ಜಾಸ್ತಿ ಚೊಕ್ಕ ಆಗುತ್ತದೆ. ಆಮೇಲೆ ಬಸ್ಸಿನಲ್ಲಿ ಕೂರುವುದು ಆಗದ ಮಾತು ಅಲ್ವಾ? ಹಿಂದಿನ ರಾತ್ರಿ ಮಂಗಳೂರಲ್ಲೇ ಉಳಿಯಿರಿ. ಹಿಂದಿನ ದಿನ ಕುಚ್ಚಲಕ್ಕಿ ಗಂಜಿ, ಸೊಪ್ಪು, ಕೆಂಪು ಜ್ಯೂಸ್ ಬೇಡ. ಕೊನೆಗೆ ತಿಳಿ ಹಳದಿ ನೀರಿನಂತೆ ಹೋದರೆ ಹೊಟ್ಟೆ ಚೊಕ್ಕ ಆಗಿದೆ ಎಂದರ್ಥ.