ಒಟಿಎಯಿಂದ ಗದಗಿಗೆ ಎರಡೂವರೆ ರೂಪಾಯಿಯ ಪತ್ರ: ನನ್ನ ಅನುಭವ

ಸೇನಾಧಿಕಾರಿಗಳನ್ನು ತಯಾರು ಮಾಡುವ ಚೆನ್ನೈನ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿಯ (ಒಟಿಎ) 49 ವಾರಗಳ ತರಬೇತಿಯನ್ನು, ಗದಗಿನಲ್ಲಿದ್ದ ನನ್ನ ಹುಡುಗಿಯೊಂದಿಗೆ ಪತ್ರಗಳಲ್ಲೇ ಕಳೆಯುತ್ತೇನೆ ಎಂದಾಗ, ಪಕ್ಕದ ಕೋಣೆಯ ರಾಣೆಬೆನ್ನೂರಿನ ಗೆಳೆಯ ‘ಮೂರನೇ ತಿಂಗಳಿಗೆ ಆಕಿ ಮದುವಿ ಕಾರ್ಡ್ ಬರ್ತದ ನೋಡಪಾ’ ಎಂದು ನಕ್ಕಿದ್ದ. ಕಾರ್ಡು ಬಂದದ್ದು ನನಗೆ ಕಮಿಷನ್ ಸಿಕ್ಕು ಅಧಿಕಾರಿಯಾದ ಮೇಲೆ. ವರನ ಹೆಸರು ನನ್ನದೇ ಇತ್ತು.

ಆರಂಭದಲ್ಲಿ ಸ್ಪೀಡ್ ಪೋಸ್ಟ್ ಹಿಡಿದೆ. ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಬರುವವನಿಗೆ ಆಗಿನ 41 ರೂಪಾಯಿ ಭಾರವಾಗಿರಲಿಲ್ಲ. ಆದರೆ ಅದಕ್ಕೆ ಸಹಿ ಬೇಕಿತ್ತು, ಹಗಲು ಆಕೆ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಿದ್ದಳು, ಸಹಿ ಹಾಕಿದವರು ಆಕೆಯ ತಂದೆ. 50 ಪೈಸೆಯ ಅಂಚೆ ಕಾರ್ಡನ್ನೂ ಪ್ರಯೋಗಕ್ಕೆಂದು ಕಳಿಸಿದೆ. ಅದನ್ನು ಓಣಿಯೇ ಓದಿತು. ಕೊನೆಗೆ ನಿಂತದ್ದು, ಬರೆದ ಹಾಳೆಯನ್ನೇ ಮಡಿಸಿ ಅಂಟಿಸುವ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಪತ್ರದ ಮೇಲೆ.

ಅದಕ್ಕೂ ಚೆನ್ನೈನ ಸೆಕೆ ವೈರಿಯಾಯಿತು. ಪಿ.ಟಿ. ಮುಗಿಸಿ ಬರುವಷ್ಟರಲ್ಲಿ ಜೇಬಿನಲ್ಲಿದ್ದ ಹಾಳೆಯ ಅಂಟಿನ ಅಂಚು ತಾನಾಗಿಯೇ ಕಚ್ಚಿಕೊಂಡು, ಬಿಡಿಸಹೋದರೆ ನೀಲಿ ಕಾಗದ ಅಕ್ಷರಗಳ ಸಮೇತ ಹರಿಯುತ್ತಿತ್ತು. ಜೆಲ್ ಪೆನ್ನಿನ ಬರಹವಂತೂ ಬೆವರಿಗೆ ಕಲಸಿಹೋಗುತ್ತಿತ್ತು. ಬಿಸ್ಕತ್ತು ಪೊಟ್ಟಣದ ನುಣುಪು ಹಾಳೆಯನ್ನು ಅಂಟಿನ ಮೇಲೆ ಮಡಿಸಿಟ್ಟು, ಅಗ್ಗದ ಬಾಲ್ ಪೆನ್ನಿಗೆ ಬದಲಾದ ಮೇಲೆ ಒಂದೂ ಹಾಳಾಗಲಿಲ್ಲ. ಈ ಉಪಾಯ ನನ್ನದೇ, ನಮ್ಮ ಕಂಪನಿಯಲ್ಲಿ, ಅಂದರೆ ಕೆಡೆಟ್‌ಗಳ ತುಕಡಿಯಲ್ಲಿ, ಆಮೇಲೆ ಹಲವರು ಎತ್ತಿಕೊಂಡರು.

ಪ್ರತಿ ಪತ್ರದ ಮೂಲೆಯಲ್ಲಿ ಕ್ರಮಸಂಖ್ಯೆ ಹಾಕುವುದನ್ನು ಮಾತ್ರ ಯಾರೂ ಬಿಡಬಾರದು. ಕ್ಯಾಂಪಿನ ದಿನಗಳಲ್ಲಿ ಬರೆದವು ಒಟ್ಟಿಗೆ ಅಂಚೆಗೆ ಬಿದ್ದು ಹಿಂದುಮುಂದಾಗಿ ತಲುಪುತ್ತವೆ. ರಾಜಿಯಾಗಲು ನಾನು ಬರೆದ ಪತ್ರ, ಅದಕ್ಕೂ ಮೊದಲು ಬರೆದ ಜಗಳದ ಪತ್ರಕ್ಕಿಂತ ಎರಡು ದಿನ ಮೊದಲೇ ಗದಗು ಮುಟ್ಟಿ, ಆಕೆ ಎರಡಕ್ಕೂ ಬೇರೆ ಬೇರೆಯಾಗಿ ಸಿಟ್ಟಾದಳು.

ರಗಡಾ (ಶಿಕ್ಷೆಯ ಕಸರತ್ತು), ಡ್ರಿಲ್, ಕ್ರಾಸ್ ಕಂಟ್ರಿ ಓಟಗಳ ವರದಿಗೆ ಉತ್ತರ ಬರುವುದಿಲ್ಲ ಎಂಬುದು ಬೇಗ ತಿಳಿಯಿತು. ಪತ್ರದ ಕೊನೆಗೆ, ಹೌದು ಅಥವಾ ಇಲ್ಲ ಎಂದು ಮುಗಿಸಲಾಗದ ಒಂದೇ ಪ್ರಶ್ನೆ ಇಡತೊಡಗಿದೆ: ಗದಗಿನ ತೋಂಟದಾರ್ಯ ಜಾತ್ರೆಯಲ್ಲಿ ಯಾವ ಬಳೆ ತೆಗೆದುಕೊಂಡೆ, ಚೌಕಾಸಿ ಎಷ್ಟರವರೆಗೆ ನಡೆಯಿತು? ಅದಕ್ಕೆ ಹಾಳೆಯ ಮೂರೂ ಮಗ್ಗುಲು ತುಂಬಿ ಉತ್ತರ ಬಂತು.

ಎಲ್ಲ ಸೇರಿ ಖರ್ಚು ಮುನ್ನೂರು ರೂಪಾಯಿಯ ಆಸುಪಾಸು ಆಗಿರಬೇಕು, ಅದರಲ್ಲಿ ಅರ್ಧ ಸ್ಪೀಡ್ ಪೋಸ್ಟಿಗೇ ಹೋಯಿತು. ರಾತ್ರಿ ದೀಪ ಆರಿಸುವ ‘ಲೈಟ್ಸ್ ಔಟ್’ ಆದ ಮೇಲೆ ಎಲ್ಲಿ ಕುಳಿತು ಬರೆಯುತ್ತಿದ್ದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಆ ಜಾಗವನ್ನು ಈಗ ಇನ್ನೊಬ್ಬ ಕೆಡೆಟ್ ಬಳಸುತ್ತಿದ್ದಾನೆ.