ಸ್ವೀಟ್ ಬಾಕ್ಸಿನಲ್ಲಿ ಒಂದು ಚಳಿಗಾಲದ ಇಂಗ್ಲಿಷ್

ಚಿತ್ರದುರ್ಗದಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಬರುತ್ತಾ ಅಂತ ಕೇಳಿದರೆ, ಅಫಿಡವಿಟ್ ಟೈಪ್ ಮಾಡುವಷ್ಟು ಬರುತ್ತೆ. ಆದರೆ ಮೂರು ಚಳಿಗಾಲದಿಂದ ಒಂದು ಚಟ ಹತ್ತಿದೆ. ದಿನಕ್ಕೊಂದು ಇಂಗ್ಲಿಷ್ ಪದ, ಅದೂ ಯಾರೂ ಕೇಳದ ಪದ.

ಮೊದಲೇ ಹೇಳಿಬಿಡುತ್ತೇನೆ. ಇದರಿಂದ ಇಂಗ್ಲಿಷ್ ಮಾತಾಡಲು ಬರೋದಿಲ್ಲ. ಇಂಟರ್‌ವ್ಯೂ ಪಾಸಾಗೋದಿಲ್ಲ. ಅದು ಬೇಕಿದ್ದವರು ಬೇರೆ ದಾರಿ ನೋಡಿಕೊಳ್ಳಿ. ಇದು ಸುಮ್ನೆ ಖುಷಿಗೆ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ನಾನು ಪದ ಕೂಡಿಡುತ್ತೇನೆ.

ಚಳಿಗಾಲವೇ ಯಾಕೆ ಅಂದರೆ, ಬೇಸಿಗೆಯಲ್ಲಿ ನಮ್ಮ ದುರ್ಗದ ಬಂಡೆಗಳು ಕಾದು ರಾತ್ರಿಯೂ ಶಾಖ ಬಿಡುತ್ತಿರುತ್ತವೆ, ತಲೆ ಓಡೋದಿಲ್ಲ. ಜೂನ್ ಬಂದರೆ ಅಡ್ಮಿಷನ್ ಗಲಾಟೆ, ಮೆಷಿನ್ ಬಿಟ್ಟು ಏಳೋಕೆ ಆಗಲ್ಲ. ದೀಪಾವಳಿ ಕಳೆದ ಮೇಲೆ ಬೆಳಗ್ಗೆ ಗಿರಾಕಿ ತಡ. ಅಲ್ಲಿಂದ ಶಿವರಾತ್ರಿವರೆಗೆ ಲೆಕ್ಕ ಇಟ್ಟುಕೊಳ್ಳಿ. ಆ ಹೊತ್ತಿಗೆ ಚಳಿಯೂ ಶಿವಶಿವಾ ಅಂತ ಹೊರಟುಹೋಗುತ್ತೆ, ನಮ್ಮ ಕೆಲಸವೂ ಮುಗಿಯುತ್ತೆ. ಜೀವಮಾನವಿಡೀ ಮಾಡುತ್ತೇನೆ ಅಂತ ಹೊರಟವರು ಹದಿನೈದು ದಿನಕ್ಕೇ ಕೈಬಿಡೋದನ್ನು ನೋಡಿದ್ದೇನೆ. ಮುಗಿಯುವ ದಿನ ಗೊತ್ತಿದ್ದರೆ ಮನಸ್ಸು ಅಷ್ಟು ಹಟ ಮಾಡೋದಿಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪು ಕೇಳಿ. ಡಿಕ್ಷನರಿ ತೆಗೆದು 'ಎ' ಅಕ್ಷರದಿಂದ ಶುರು ಮಾಡಿದೆ. ದಿನಕ್ಕೆ ಐದು ಪದ, ನೋಟ್‌ಬುಕ್ಕಿನಲ್ಲಿ ಅಂದವಾಗಿ ಬರೆದೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಲು ಮನೆಗೆ ಬಂದ ತಂಗಿ ನೋಟ್‌ಬುಕ್ ತೆಗೆದು ಪರೀಕ್ಷೆ ಮಾಡಿದಳು. ಇನ್ನೂರು ಪದದಲ್ಲಿ ಒಂಬತ್ತು ಹೇಳಿದೆ. ಅದರಲ್ಲೂ ಅರ್ಧ ಕೋರ್ಟಿನ ಕಾಗದದಲ್ಲಿ ದಿನಾ ಟೈಪ್ ಮಾಡುವ ಪದಗಳು.

ದಾರಿ ಸಿಕ್ಕಿದ್ದು ಶೂ ಲೇಸಿನಿಂದ. ಜನವರಿಯ ಬೆಳಗ್ಗೆ, ಜೋಗಿಮಟ್ಟಿ ರಸ್ತೆಯಲ್ಲಿ ವಾಕಿಂಗ್ ಹೋಗೋಣ ಅಂತ ಹೊಸಿಲ ಮೇಲೆ ಕೂತು ಶೂ ಹಾಕುತ್ತಿದ್ದೆ. ಬೆರಳು ಮರಗಟ್ಟಿದ್ದವು. ಲೇಸಿನ ತುದಿಯ ಪ್ಲಾಸ್ಟಿಕ್ ಕಿತ್ತುಹೋಗಿ ದಾರ ಪೊರಕೆಯ ಹಾಗೆ ಕೆದರಿಕೊಂಡಿತ್ತು. ಎಂಜಲು ಹಚ್ಚಿ ಹೊಸೆದೆ, ತೂತಿನೊಳಗೆ ಹೋಗಲಿಲ್ಲ. ಮತ್ತೆ ಹೊಸೆದೆ, ಅರ್ಧ ಹೋಗಿ ಬಗ್ಗಿತು. ಕೊನೆಗೆ ಅಂಗಡಿಯಿಂದ ತಂದಿದ್ದ ಸೆಲ್ಲೋಟೇಪ್ ಸುತ್ತಿ ಗಟ್ಟಿ ಮಾಡಿ ತೂರಿಸಿದೆ. ಹತ್ತು ನಿಮಿಷ ಹೋಯಿತು. ಅಷ್ಟು ಸತಾಯಿಸಿದ ಆ ಚೂರಿಗೆ ಏನಂತಾರೆ ಅಂತ ಫೋನಿನಲ್ಲಿ ಹುಡುಕಿದೆ. ಆ್ಯಗ್ಲೆಟ್. ಸೂಜಿ ಅನ್ನುವ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದಂತೆ. ಅವತ್ತಿನಿಂದ ಇವತ್ತಿನವರೆಗೆ ಆ ಪದ ಮರೆತಿಲ್ಲ. ನಮ್ಮವ್ವ ಅದಕ್ಕೆ ಲೇಸಿನ ಮೂತಿ ಅಂತಾಳೆ, ಅದೂ ಚೆನ್ನಾಗಿದೆ.

ನನ್ನ ಪದ್ಧತಿಯೆಲ್ಲ ಇಷ್ಟೇ. ಮೊದಲು ವಸ್ತು, ಆಮೇಲೆ ಪದ. ಡಿಕ್ಷನರಿ ತೆರೆದು ಪದ ಹುಡುಕಬೇಡಿ. ಬೆಳಗ್ಗೆ ಎದ್ದಾಗಿನಿಂದ ನಿಮ್ಮ ಮೈಗೆ ತಾಗಿದ್ದು, ಕಣ್ಣಿಗೆ ಬಿದ್ದದ್ದು ಒಂದನ್ನು ಹಿಡಿದುಕೊಳ್ಳಿ. ಅದಕ್ಕೆ ಇಂಗ್ಲಿಷಿನಲ್ಲಿ ಹೆಸರಿದೆಯಾ ಅಂತ ಆಮೇಲೆ ನೋಡಿ. ಹುಡುಕೋದು ಕಷ್ಟ ಏನಿಲ್ಲ. ಫೋನಿನಲ್ಲಿ ರಿವರ್ಸ್ ಡಿಕ್ಷನರಿ ಅಂತ ಹಾಕಿದರೆ ಒನ್‌ಲುಕ್ ಥರದವು ಸಿಗುತ್ತವೆ. ನಿಮಗೆ ಬರುವ ಹರಕುಮುರುಕು ಇಂಗ್ಲಿಷಿನಲ್ಲೇ ಅರ್ಥ ಬರೆಯಿರಿ, ಅದು ಪದಗಳ ಪಟ್ಟಿ ಕೊಡುತ್ತೆ.

ಚಳಿಗಾಲದಲ್ಲಿ ಸರಕಿಗೆ ಬರವಿಲ್ಲ. ಹಾಸಿಗೆಯಲ್ಲಿ ಆಕಳಿಸುತ್ತಾ ಮೈಮುರಿಯುತ್ತೀರಲ್ಲ, ಅದು ಪ್ಯಾಂಡಿಕ್ಯುಲೇಶನ್. ನಾಯಿ ಬೆಕ್ಕು ಮಾಡಿದರೂ ಅದೇ ಹೆಸರು. ಬಚ್ಚಲಿಗೆ ಹೋಗಿ ಮೊದಲ ಚೊಂಬು ತಣ್ಣೀರು ಬಿದ್ದಾಗ ಮೈ ಮುಳ್ಳೇಳುತ್ತಲ್ಲ, ಅದು ಹಾರಿಪಿಲೇಶನ್. ಲ್ಯಾಟಿನ್‌ನಲ್ಲಿ ಪೈಲಸ್ ಅಂದರೆ ಕೂದಲು. ಪ್ರತಿ ರೋಮದ ಬುಡದಲ್ಲೂ ಒಂದು ಸಣ್ಣ ಸ್ನಾಯು ಇದೆ, ಅದು ಬಿಗಿದಾಗ ರೋಮ ನೆಟ್ಟಗಾಗುತ್ತೆ. ಸಾಮಾನ್ಯ ಇಂಗ್ಲಿಷಿನಲ್ಲಿ ಇದಕ್ಕೆ ಗೂಸ್‌ಬಂಪ್ಸ್ ಅಂತಾರೆ. ಅವರಿಗೆ ಪುಕ್ಕ ಕಿತ್ತ ಹೆಬ್ಬಾತಿನ ಚರ್ಮ ನೆನಪಾಗಿದೆ, ನಮಗೆ ಮುಳ್ಳು. ಬಯಲುಸೀಮೆಯವರು ನಾವು, ಜಾಲಿಮುಳ್ಳು ಬಿಟ್ಟು ಇನ್ನೇನು ನೆನಪಾಗಬೇಕು?

ಹಿಮ್ಮಡಿ ಒಡೆದಿದೆಯಾ? ಚರ್ಮ ಹೀಗೆ ಒಣಗೋದಕ್ಕೆ ಡಾಕ್ಟರುಗಳ ಪದ ಝಿರೋಸಿಸ್. ಇದು ಸಿಕ್ಕಿದ ದಿನ ನಾನು ಅಂಗಡಿಯಲ್ಲೇ ಜೋರಾಗಿ ನಕ್ಕೆ. ಗ್ರೀಕಿನಲ್ಲಿ ಝೀರೋಸ್ ಅಂದರೆ ಒಣಗಿದ್ದು. ನನ್ನ ಹೊಟ್ಟೆಪಾಡಿನ ಝೆರಾಕ್ಸ್ ಕೂಡ ಅದೇ ಬೇರಿನದು. ಚೆಸ್ಟರ್ ಕಾರ್ಲ್‌ಸನ್ ಅನ್ನುವ ಅಮೆರಿಕದವನು 1938ರಲ್ಲಿ ಮೊದಲ ಪ್ರತಿ ತೆಗೆದ. ದ್ರವದ ಶಾಯಿ ಇಲ್ಲ, ಬರೀ ಒಣಪುಡಿ. ಅದಕ್ಕೇ ಆಮೇಲೆ ಝೆರೋಗ್ರಫಿ, ಅಂದರೆ ಒಣ ಬರಹ, ಅಂತ ಹೆಸರಿಟ್ಟರು. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಸಿಕೊಂಡು ಕೂತಿದ್ದೇನೆ, ನನ್ನ ಒಡೆದ ಹಿಮ್ಮಡಿಗೂ ಅದಕ್ಕೂ ನಂಟಿದೆ ಅಂತ ಗೊತ್ತಿರಲಿಲ್ಲ.

ಇನ್ನು ಬಿಸಿಲು. ಚಳಿಗಾಲದ ಬಿಸಿಲಿನ ಹಿತವಾದ ಬೆಚ್ಚನೆಗೆ ಅಪ್ರಿಸಿಟಿ ಅಂತ ಪದ ಇದೆ. 1623ರಲ್ಲಿ ಹೆನ್ರಿ ಕಾಕರಮ್ ಅನ್ನುವವನು ತನ್ನ ಡಿಕ್ಷನರಿಯಲ್ಲಿ ಹಾಕಿದ. ಆದರೆ ಜನ ಬಳಸಲೇ ಇಲ್ಲ, ಪದ ಮೂಲೆ ಸೇರಿತು. ಇದರ ಜೊತೆಗೆ ಕ್ರಿಯಾಪದವೂ ಇದೆ, ಆಪ್ರಿಕೇಟ್, ಅಂದರೆ ಬಿಸಿಲು ಕಾಯಿಸಿಕೊಳ್ಳೋದು. ನಮ್ಮವ್ವ ಬೆಳಗ್ಗೆ ಎಂಟಕ್ಕೆ ಚಳ್ಳಕೆರೆ ಕಂಬಳಿ ಹೊದ್ದು ಕಟ್ಟೆ ಮೇಲೆ ಕೂತು ಮಾಡೋದು ಅದನ್ನೇ.

ಕಂಬಳಿ ಅಂದೆನಲ್ಲ, ಅದೂ ಇಂಗ್ಲಿಷಿಗೆ ಹೋಗಿದೆ. ಬ್ರಿಟಿಷರ ಕಾಲದ ಭಾರತದಲ್ಲಿ ಇಂಗ್ಲಿಷಿಗೆ ಸೇರಿದ ಮಾತುಗಳನ್ನೆಲ್ಲ ಕೂಡಿಸಿ ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹಾಬ್ಸನ್-ಜಾಬ್ಸನ್ ಅನ್ನುವ ಕೋಶ ಮಾಡಿದರು. ಅದರಲ್ಲಿ ಕಂಬ್ಲಿ ಅಂತ ಒಂದು ನಮೂದು ಇದೆ, ಒರಟು ಉಣ್ಣೆಯ ಹೊದಿಕೆ ಅಂತ ಅರ್ಥ. ಅವ್ವನಿಗೆ ಹೇಳಿದೆ. "ನಮ್ದು ನಮಗೇ ಕಲಿಸ್ತೀಯೇನೋ" ಅಂದಳು.

ಬರೆದಿಡುವ ವಿಷಯಕ್ಕೆ ಬರೋಣ. ನೋಟ್‌ಬುಕ್ ಬೇಡ. ಅದರಲ್ಲಿ ಬರೆದದ್ದು ಅಲ್ಲೇ ಮಲಗಿಬಿಡುತ್ತೆ. ಚೀಟಿ ಮಾಡಿ. ಚಳಿಗಾಲದ ಒಣ ಹವೆಗೆ ನನ್ನ ಮೆಷಿನ್ನಿನಲ್ಲಿ ಹಾಳೆಗಳು ಅಂಟಿಕೊಂಡು ಎರಡೆರಡು ಹೋಗುತ್ತವೆ, ವೇಸ್ಟ್ ಕಾಗದಕ್ಕೆ ಕೊರತೆಯಿಲ್ಲ. ಒಂದು ಎ ಫೋರ್ ಹಾಳೆಯನ್ನು ಎಂಟು ಭಾಗ ಮಾಡಿದರೆ ಅಳತೆ ಸರಿಯಾಗುತ್ತೆ. ಮುಂದೆ ಇಂಗ್ಲಿಷ್ ಪದ, ಅದರ ಕೆಳಗೆ ಉಚ್ಚಾರ ಕನ್ನಡದಲ್ಲಿ. ಉಚ್ಚಾರವನ್ನು ಊಹಿಸಬೇಡಿ, ಫೋನಿನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ. ನಾನು ಒಂದು ವರ್ಷ ಅಪ್ರಿಸಿಟಿಯನ್ನು ಎಪ್ರಿಲ್ ತಿಂಗಳಿನ ಥರ ಎಪ್ರಿಸಿಟಿ ಅಂದುಕೊಂಡು ಓಡಾಡಿದ್ದೆ. ಹಿಂದೆ ಕನ್ನಡದ ಅರ್ಥ, ಜೊತೆಗೆ ಎಲ್ಲಿ ಸಿಕ್ಕಿತು, ಯಾರ ಹತ್ತಿರ ಹೇಳಿದೆ. ಈ ಕೊನೆಯ ಸಾಲು ಬಿಡಬೇಡಿ.

ಅಕ್ಷರ ಬಿಡಿಬಿಡಿಯಾಗಿರಲಿ. 1931ರಲ್ಲಿ ಅಮೆರಿಕದ ವೆಬ್‌ಸ್ಟರ್ ಡಿಕ್ಷನರಿಯವರ ಕಚೇರಿಯಲ್ಲಿ ಒಂದು ಚೀಟಿ ಬರೆದರು, ಡೆನ್ಸಿಟಿ ಅನ್ನೋದಕ್ಕೆ ಗುರುತಾಗಿ ದೊಡ್ಡ ಡಿ ಆರ್ (ಅಂದರೆ ಅಥವಾ) ಚಿಕ್ಕ ಡಿ ಬಳಸಬಹುದು ಅಂತ. ಚೀಟಿ ತಪ್ಪು ಕಟ್ಟಿಗೆ ಸೇರಿತು. 'ಡಿ ಆರ್ ಡಿ' ಅನ್ನೋದನ್ನು ಕೂಡಿಸಿ ಓದಿ ಡಾರ್ಡ್ ಅನ್ನುವ ಇಲ್ಲದ ಪದವನ್ನು 1934ರಲ್ಲಿ ಅಚ್ಚು ಹಾಕಿದರು. ಐದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಅಂಥವರಿಗೇ ಹಾಗಾದರೆ ನಮ್ಮ ಕೈಬರಹದ ಗತಿ?

ಚೀಟಿ ಇಡೋಕೆ ಕಾಲು ಕಿಲೋದ ಸ್ವೀಟ್ ಬಾಕ್ಸ್ ಸಾಕು. ರಟ್ಟು ಅಡ್ಡ ಇಟ್ಟು ಮೂರು ಖಾನೆ ಮಾಡಿ. ಹೊಸ ಚೀಟಿ ಮೊದಲನೇ ಖಾನೆಗೆ, ಅದನ್ನು ದಿನಾ ನೋಡಬೇಕು. ಅರ್ಥ ಓದಿ ಪದ ನೆನಪಾದರೆ ಎರಡನೇ ಖಾನೆಗೆ ಬಡ್ತಿ, ಅದು ಸೋಮವಾರ ಮತ್ತು ಗುರುವಾರ. ಅಲ್ಲೂ ನೆನಪಾದರೆ ಮೂರನೆಯದು, ಅದು ಅಮಾವಾಸ್ಯೆ, ಹುಣ್ಣಿಮೆಗೆ. ಮರೆತ ಪದ ಎಲ್ಲೇ ಇರಲಿ, ವಾಪಸ್ ಮೊದಲನೇ ಖಾನೆಗೆ. ಈ ಪೆಟ್ಟಿಗೆ ಉಪಾಯ ನನ್ನದಲ್ಲ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಬರೆದದ್ದು. ಅದಕ್ಕೂ ಮುಂಚೆ, 1885ರಲ್ಲೇ, ಎಬ್ಬಿಂಗ್‌ಹೌಸ್ ಅನ್ನುವವನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಅಳೆದು ತೋರಿಸಿದ್ದ. ಮೊದಲ ದಿನವೇ ಜಾಸ್ತಿ ಸೋರಿಹೋಗುತ್ತೆ. ಅದಕ್ಕೇ ಮೊದಲನೇ ಖಾನೆ ದಿನಾ. ಅಮಾವಾಸ್ಯೆ ಹುಣ್ಣಿಮೆ ಮಾತ್ರ ನಾನು ಸೇರಿಸಿದ್ದು.

ಸಂಜೆಯೊಳಗೆ ಅವತ್ತಿನ ಪದವನ್ನು ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಬೇಕು. ಹೇಳಿ ಅಂದೆ, ಬರೆಯಿರಿ ಅನ್ನಲಿಲ್ಲ. ಒಮ್ಮೆ ಒಬ್ಬರು ಮೇಷ್ಟ್ರು ರಜೆ ಅರ್ಜಿ ಟೈಪ್ ಮಾಡಿಸಲು ಬಂದರು. ಹೊಟ್ಟೆ ಸರಿಯಿಲ್ಲ, ರಾತ್ರಿಯೆಲ್ಲ ಗುರ್‌ಗುರ್ ಅಂತು ಅಂದರು. ಅವತ್ತು ಬೆಳಗ್ಗೆಯಷ್ಟೇ ನನ್ನ ಚೀಟಿಯಲ್ಲಿ ಬೋರ್ಬರಿಗ್ಮಸ್ ಬಂದಿತ್ತು. ಹೊಟ್ಟೆಯ ಗುರುಗುಟ್ಟುವಿಕೆಗೇ ಇರುವ ಪದ. ತಡೆಯಲಾಗಲಿಲ್ಲ, ಹಾಕಿಬಿಟ್ಟೆ. ಮೂರು ದಿನಕ್ಕೆ ಅರ್ಜಿ ವಾಪಸ್ ಬಂತು. ಪದದ ಸುತ್ತ ಕೆಂಪು ಶಾಯಿಯ ಗೋಲ, ಪಕ್ಕದಲ್ಲಿ 'ಮೆಡಿಕಲ್ ಸರ್ಟಿಫಿಕೇಟ್ ಲಗತ್ತಿಸಿ' ಅಂತ. ಮೇಷ್ಟ್ರು ಅರ್ಜಿಯನ್ನು ಕೌಂಟರ್ ಮೇಲಿಟ್ಟು, "ಏನಣ್ಣ, ನನಗೆ ಯಾವ ರೋಗ ಹಚ್ಚಿದ್ರಿ?" ಅಂದರು. ಅರ್ಜಿ ಪುಕ್ಕಟೆ ಟೈಪ್ ಮಾಡಿಕೊಟ್ಟು ಕಳಿಸಿದೆ. ಗಿರಾಕಿಯ ಕಾಗದದಲ್ಲಿ ನಿಮ್ಮ ಚಟ ಬೇಡ.

ಕನ್ನಡದ ಅರ್ಥ ಬರೆಯುವಾಗ ಅವಸರ ಮಾಡಬೇಡಿ, ಪದ ಕಲಿಯೋದರ ರುಚಿ ಇರೋದೇ ಅಲ್ಲಿ. ಪೋಸ್ಟರ್ನ್ ಅಂದರೆ ಕೋಟೆಯ ಹಿಂಬದಿಯ ಸಣ್ಣ ಗುಟ್ಟಿನ ಬಾಗಿಲು. ದುರ್ಗದವನಿಗೆ ತಟ್ಟನೆ ಓಬವ್ವನ ಕಿಂಡಿ ನೆನಪಾಗುತ್ತೆ, ನಾನೂ ಹಾಗೇ ಬರೆದೆ. ಭಾನುವಾರ ಕೋಟೆಗೆ ಹೋಗಿ ಕಿಂಡಿಯ ಮುಂದೆ ನಿಂತಾಗ ಅನಿಸಿತು, ಇದು ಬಾಗಿಲಲ್ಲ, ಬಂಡೆಗಳ ನಡುವಿನ ಸಂದು. ಒಬ್ಬೊಬ್ಬರೇ ತೂರಿ ಬರುವಷ್ಟು ಇಕ್ಕಟ್ಟು, ಅದಕ್ಕೇ ಅಲ್ಲವಾ ಒನಕೆ ಸಾಕಾಗಿದ್ದು. ಪೋಸ್ಟರ್ನ್‌ಗೆ ಕನ್ನಡದಲ್ಲಿ ದಿಡ್ಡಿ ಬಾಗಿಲು ಅಂತ ಸರಿಯಾದ ಮಾತೇ ಇದೆ. ಚೀಟಿ ಹರಿದು ಬೇರೆ ಬರೆದೆ.

ಅದೇ ಕೋಟೆಯಲ್ಲಿ ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತಿರುತ್ತಲ್ಲ, ನಾವು ದೊಣೆ ಅಂತೀವಿ. ಇಂಗ್ಲೆಂಡಿನವರ ಹತ್ತಿರ ಅದಕ್ಕೆ ಒಳ್ಳೆ ಪದ ನನಗೆ ಸಿಗಲಿಲ್ಲ. ಆಸ್ಟ್ರೇಲಿಯದ ಇಂಗ್ಲಿಷಿನಲ್ಲಿ ಸಿಕ್ಕಿತು, ಅಲ್ಲಿನ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು. ಬರೆಯುವಾಗ ಮುಂದೊಂದು ಜಿ ಇರುತ್ತೆ, ಹೇಳುವಾಗ ನ್ಯಾಮ. ಜಿ ಬಿಟ್ಟು ನೋಡಿದರೆ ಸ್ಪೆಲ್ಲಿಂಗ್ ಥೇಟ್ ನಮ್ಮ 'ನಮ್ಮ'!

ಒಮ್ಮೊಮ್ಮೆ ಕನ್ನಡವೇ ಮುಂದಿರುತ್ತೆ. ನಾಡಿದ್ದು ಅನ್ನೋಕೆ ಇಂಗ್ಲಿಷಿನವರು ನಾಳೆಯ ನಂತರದ ದಿನ ಅಂತ ಉದ್ದ ಎಳೆಯಬೇಕು. ಹಿಂದೆ ಅವರಿಗೂ ಓವರ್‌ಮಾರೋ ಅಂತ ಪದ ಇತ್ತು. ಮೊನ್ನೆಗೆ ಎರ್‌ಯೆಸ್ಟರ್‌ಡೇ ಇತ್ತು. ಎರಡನ್ನೂ ಕೈಬಿಟ್ಟರು. ಅವ್ವನಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು, "ಆಚೆನಾಡಿದ್ದಿಗೆ ಏನಂತಾರೆ?" ಇನ್ನೂ ಹುಡುಕುತ್ತಿದ್ದೇನೆ.

ಒಂದು ಎಚ್ಚರಿಕೆ. ವಾಟ್ಸಾಪಿನಲ್ಲಿ ಬರುವ ಚಂದದ ಪದಗಳನ್ನು ನಂಬಬೇಡಿ. ಎಷ್ಟೋ ಪದಗಳನ್ನು ಯಾರೋ ಸುಮ್ನೆ ಕಟ್ಟಿರುತ್ತಾರೆ. ಎರಡು ಡಿಕ್ಷನರಿಯಲ್ಲಿ ಇದ್ದರೆ ಚೀಟಿ, ಇಲ್ಲದಿದ್ದರೆ ಇಲ್ಲ. ಯಾರು ಕಟ್ಟಿದರು ಅಂತ ಗೊತ್ತಿರುವ ಪದ ಇದ್ದರೆ ಅದು ಬೇರೆ ಮಾತು. ಒಣನೆಲಕ್ಕೆ ಮಳೆ ಬಿದ್ದಾಗಿನ ವಾಸನೆಗೆ ಪೆಟ್ರಿಕೋರ್ ಅಂತ ಹೆಸರಿಟ್ಟವರು ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು, ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್, 1964ರಲ್ಲಿ. ಆದರೆ ಅದು ಚಳಿಗಾಲದ ಪದವಲ್ಲ, ಮುಂಗಾರಿಗೆ ಇರಲಿ.

ಒಂದು ದಿನ ತಪ್ಪಿದರೆ ಮರುದಿನ ಎರಡು ಮಾಡಬೇಡಿ. ತಪ್ಪಿದ್ದು ತಪ್ಪಿತು. ಮದುವೆ, ಜಾತ್ರೆ, ಜ್ವರ ಎಲ್ಲ ಇದ್ದದ್ದೇ. ಕಳೆದ ಚಳಿಗಾಲದಲ್ಲಿ ನನ್ನ ಲೆಕ್ಕಕ್ಕೆ ಬಂದದ್ದು ಎಪ್ಪತ್ತನಾಲ್ಕು ಚೀಟಿ, ಮೂರನೇ ಖಾನೆ ತಲುಪಿದ್ದು ಅರವತ್ತೊಂದು.

ಶಿವರಾತ್ರಿ ಆದ ಮೇಲೆ ಬಾಕ್ಸಿಗೆ ರಬ್ಬರ್ ಬ್ಯಾಂಡ್ ಹಾಕಿ ಅಟ್ಟಕ್ಕೆ. ಮುಂದಿನ ದೀಪಾವಳಿಗೆ ತೆಗೆದು ಒಮ್ಮೆ ಪೂರ್ತಿ ನೋಡಿ. ಆದರೆ ಬಾಕ್ಸನ್ನು ಮೊದಲೇ ಚೆನ್ನಾಗಿ ಒರೆಸಿಡಿ. ನಾನು ಒರೆಸಿರಲಿಲ್ಲ. ಮೈಸೂರುಪಾಕಿನ ತುಪ್ಪದ ವಾಸನೆಗೆ ಜಿರಲೆ ನುಗ್ಗಿ ಒಂದಿಷ್ಟು ಚೀಟಿ ತಿಂದಿದ್ದವು. ಒಂದರಲ್ಲಿ ಪದ, ಅರ್ಥ ಎರಡೂ ಹೋಗಿ ಕೆಳಗಿನ ಸಾಲು ಮಾತ್ರ ಉಳಿದಿದೆ. 'ಸಂತೆ ಹೊಂಡದ ಹತ್ತಿರ, ಅವರೆಕಾಯಿ ಆರಿಸುವಾಗ. ಮಗಳಿಗೆ ಹೇಳಿದೆ, ನಕ್ಕಳು.' ಮಗಳನ್ನು ಕೇಳಿದೆ. ನಕ್ಕದ್ದು ನೆನಪಿದೆಯಂತೆ, ಪದ ಇಲ್ಲವಂತೆ. ಈ ಸಲ ಅವರೆಕಾಯಿ ಬಂದ ಕೂಡಲೇ ಇಬ್ಬರೂ ಅಲ್ಲಿಗೇ ಹೋಗಿ ನಿಂತು ನೋಡೋಣ ಅಂದುಕೊಂಡಿದ್ದೇವೆ.